ಎರಡು ಸಹಿ

ಅಂಗಡಿಯಲ್ಲಿ ಮೊದಲು ಕಾಫಿ ಕೊಟ್ಟರು.
ಕಾರುಗಳು ಫೋಟೋಗೆ ನಿಂತ ಮದುವೆ ಮನೆಯವರ ಹಾಗೆ ಸಾಲಾಗಿ,
ಟೈರಿಗೂ ಕಾಡಿಗೆ.
ಒಳಗೆ ಸೀಸೆಯಿಂದ ಸಿಂಪಡಿಸಿದ ಹೊಸತನದ ವಾಸನೆ.
ಗ್ರೇಡಿ ಅನ್ನುವ ಹುಡುಗ
ಪ್ರತಿ ಮಾತಿನ ಕೊನೆಗೂ ನನ್ನ ಹೆಸರು ಹಚ್ಚಿದ,
ರೊಟ್ಟಿಗೆ ಬೆಣ್ಣೆ ಹಚ್ಚುವಷ್ಟು ಧಾರಾಳವಾಗಿ:
ಆರು ಸಾವಿರದ ನಾನೂರು, ಲೊರೇನ್.
ಮೂರು ತಿಂಗಳು ಗ್ಯಾರಂಟಿ, ಲೊರೇನ್.
ಮುಂಚೆ ಇದು ಯಾರದು ಅಂದೆ.
ಕಂಪ್ಯೂಟರ್ ನೋಡಿ ಹೇಳಿದ: ಒಬ್ಬರದು, ಲೊರೇನ್.

ಅಲ್ಪೀನಾದಲ್ಲಿ ಚಳಿಗಾಲ ಐದು ತಿಂಗಳು.
ಹಿಮ ಬಿದ್ದ ರಾತ್ರಿಯೇ ಲಾರಿಗಳು ರಸ್ತೆಗೆ ಉಪ್ಪು ಸುರಿಯುತ್ತವೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು;
ಇಲ್ಲಿಯ ಕಾರುಗಳು ಅಡಿಯಿಂದ ಕುಡಿಯುತ್ತವೆ.
ಗ್ರೇಡಿಯದು ಮಾತ್ರ ಉಪ್ಪಿನ ಮುಖವನ್ನೇ ಕಾಣದ ಹಾಗೆ
ಕೆಳಗೆಲ್ಲ ಕರಿ ಬಣ್ಣ.
ಬಗ್ಗಿ ಮುಟ್ಟಿದೆ. ಬೆರಳಿಗೆ ಹತ್ತಿತು.

ವರ್ಲಿನ್ ಡೊಂಬ್ರೊ ಕಾಫಿ ಕೊಡಲಿಲ್ಲ.
ಶೆಡ್ಡಿನ ಬಾಗಿಲೆತ್ತಿ, ಕಾಲಡಿಯ ಚಾಪೆ ಕಿತ್ತು ತೋರಿಸಿದ:
ತೂತು, ತೂತಿಗೆ ಬಿಸ್ಕೆಟ್ ಡಬ್ಬಿಯ ಮುಚ್ಚಳ,
ಮುಚ್ಚಳದಲ್ಲಿ ಇನ್ನೂ ಅರ್ಧ ಕುದುರೆಗಾಡಿ.
"ಹಿಂದಿನ ಎಡ ಬಾಗಿಲು ಒಳಗಿಂದ ತೆಗೆಯೋಲ್ಲ.
ಮೂರನೇ ಗೇರಿಗೆ ಹೋಗುವಾಗ ಕೆಮ್ಮುತ್ತೆ.
ಇದ್ದದ್ದು ಇದ್ದ ಹಾಗೆ, ನಾಲ್ಕು ಸಾವಿರದ ನೂರು.
ನಾಳೆ ಕೆಟ್ಟರೆ ನನ್ನ ಬಾಗಿಲು ತಟ್ಟಬೇಡಿ."

ಇಷ್ಟು ದೋಷ ತಾನೇ ಹೇಳುವವನನ್ನು ನಂಬಬಹುದೆ?
ಚಿಲ್ಲರೆ ಕಳ್ಳತನ ಒಪ್ಪಿಕೊಂಡು
ದೊಡ್ಡದನ್ನು ದಾಟಿಸುವ ಜಾಣನೆ?
ಆಸ್ಪತ್ರೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ನಾನು.
ಮಡಿಕೆಯೊಳಗೆ ಬಚ್ಚಿಟ್ಟದ್ದಕ್ಕಿಂತ
ಮೇಲೆ ಕಾಣುವ ಕಲೆ ಎಷ್ಟೋ ವಾಸಿ.
ಹಣ ಎಣಿಸಿದೆ. ಅವನು ಕಾಗದ ತಂದ.

ಕಾಗದದಲ್ಲಿ ಎರಡು ಹೆಸರು, ನಡುವೆ ಒಂದು 'ಮತ್ತು'.
'ಅಥವಾ' ಇದ್ದಿದ್ದರೆ ನನ್ನ ಸಹಿಯೊಂದೇ ಸಾಕಿತ್ತು ಅಂದ
ನೆಲ ನೋಡಿಕೊಂಡು.
ಮಾರ್ಲಿಸ್ ಈಗ ಇರುವುದು ಆಸ್ಕೋಡಾದಲ್ಲಿ. ಐವತ್ತು ಮೈಲಿ.
ಏಳು ವರ್ಷ.

ನಾನೇ ಓಡಿಸಿದೆ. ಅವನು ಪಕ್ಕದಲ್ಲಿ,
ತನ್ನದೇ ಕಾರಿನಲ್ಲಿ ನೆಂಟನಂತೆ ಮೊಣಕಾಲು ಕೂಡಿಸಿಕೊಂಡು.
ಎಡಕ್ಕೆ ಹ್ಯೂರನ್ ಸರೋವರ, ದಡದಲ್ಲಿ ಮಂಜುಗಡ್ಡೆ
ತೊಳೆಯದೆ ಬಿಟ್ಟ ತಟ್ಟೆಗಳ ರಾಶಿ.
ಹೀಟರು ತಿರುಗಿಸಿದೆ, ಬರಲಿಲ್ಲ. ಬೆರಳು ಮರಗಟ್ಟಿದವು.
ಓಹೋ, ಹೇಳದೆ ಬಿಟ್ಟದ್ದು ಇದು, ಅಂದುಕೊಂಡೆ.
ಮೂರನೇ ಗೇರಿಗೆ ಕಾರು ಕೆಮ್ಮಿತು.
ಅವನೂ ಕೆಮ್ಮಿದ.

ಮಾರ್ಲಿಸ್ ಮನೆಯ ಚಪ್ಪಲಿಯಲ್ಲೇ ಹಿಮದ ಮೇಲೆ ಬಂದಳು.
ನನ್ನನ್ನು ನೋಡಲಿಲ್ಲ, ಅವನನ್ನೂ.
ಬಾನೆಟ್ಟಿನ ಮೇಲೆ ಕಾಗದ ಹರಡಿ
'ಬೆಚ್ಚಗಿದೆ' ಅಂದಳು, ಲೋಹಕ್ಕೆ,
ಬೇಕಾದ್ದಕ್ಕಿಂತ ಒಂದು ಉಸಿರು ಹೆಚ್ಚು ಅಂಗೈ ಊರಿ.
ಸಹಿ ಹಾಕಿ, ಪೆನ್ನು ಮುಚ್ಚಿ, ನನ್ನ ಕಡೆ ತಿರುಗಿದಳು.
"ಹೀಟರು ಬರದಿದ್ದರೆ ಮುಂದಿನ ಬಲಮೂಲೆಗೆ ಒಂದು ಗುದ್ದಬೇಕು.
ಹೇಳಿದನಾ ಇವನು?"
ಇಲ್ಲ ಅಂದೆ.
ವರ್ಲಿನ್ ಅಂದ:
"ನನಗೇ ಗೊತ್ತಿರಲಿಲ್ಲ.
ಏಳು ಚಳಿಗಾಲ ಕೋಟು ಹಾಕಿಕೊಂಡೇ ಓಡಿಸಿದೆ."

ಬಲಮೂಲೆ, ಅಂದರೆ ಅವಳು ಕೂರುತ್ತಿದ್ದ ಕಡೆ.

ಹ್ಯಾರಿಸ್‌ವಿಲ್ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ.
ಗುದ್ದಿ ಅಂದೆ.
ಮುಷ್ಟಿ ಮಾಡಿದ, ಬಿಚ್ಚಿದ, ಮತ್ತೆ ಮಾಡಿದ,
ಮಲಗಿದವರ ಕೋಣೆಯ ಬಾಗಿಲು ತಟ್ಟುವಷ್ಟು ಮೆಲ್ಲಗೆ.
ಏನೂ ಆಗಲಿಲ್ಲ.
ಜೋರಾಗಿ ಅಂದೆ.

ಸುಟ್ಟ ಧೂಳಿನ ವಾಸನೆ ಬಂತು, ಆಮೇಲೆ ಬಿಸಿ.

ಜೂನಿನಲ್ಲಿ ಗೇರು ಪೂರ್ತಿ ಕೈಕೊಟ್ಟಿತು. ಒಂಬೈನೂರು ಡಾಲರ್.
ಗ್ರೇಡಿಯ ಗ್ಯಾರಂಟಿಯಾದರೂ ಅಷ್ಟರಲ್ಲಿ ಮುಗಿದಿರುತ್ತಿತ್ತು
ಎಂದು ಬೆರಳು ಮಡಿಸಿ ಲೆಕ್ಕ ಹಾಕಿ
ವರ್ಲಿನ್ ಬಾಗಿಲ ಮುಂದೆಯೇ ನಡೆದು ಹೋದೆ, ತಟ್ಟಲಿಲ್ಲ.
ಹೀಟರು ಮಾತ್ರ,
ಬೇಡದ ಈ ಬೇಸಿಗೆಯಲ್ಲೂ,
ಗುದ್ದಿದರೆ ಬರುತ್ತದೆ.